ಆರು ಕಪ್ಪು, ಐದು ಬಶಿ

ಕೋಡಿಬಾಗದ ನಮ್ಮ ಓಣಿಯಲ್ಲಿ ನಾಲ್ಕು ಮನೆ,
ನಾಲ್ಕಕ್ಕೂ ಸೇರಿ ಒಂದೇ ಟೀ ಸೆಟ್ಟು.
ನೀಲಿ ಹೂವು, ಬಂಗಾರದ ಅಂಚು,
ತಳದಲ್ಲಿ ಜಪಾನಿನದೆಂಬ ಸಣ್ಣ ಮುದ್ರೆ.
ಯಾರ ಮನೆಗೆ ನೆಂಟರು ಬಂದರೂ
ಹಳೇ ಟವೆಲಿನಲ್ಲಿ ಸುತ್ತಿಕೊಂಡು
ಹಿತ್ತಲ ಗೋಡೆಯ ಮೇಲೆ ಕೈಯಿಂದ ಕೈಗೆ ದಾಟಬೇಕು,
ಹಸುಗೂಸಿನ ಹಾಗೆ.

"ನಮ್ಮವರು ಜಪಾನಿನಿಂದ ತಂದದ್ದು" ಎನ್ನಬೇಕು.
ಅದು ಸೆಟ್ಟಿನ ಜೊತೆಗೇ ಬರುವ ಮಾತು.
ನಿಜಕ್ಕೂ ಹಡಗು ಹತ್ತಿದವರು ಸುಲಭಾಳ ಮಾವ ಒಬ್ಬರೇ.
ನನ್ನ ಗಂಡ ಸಮುದ್ರ ದಾಟಿದ್ದು
ಒಮ್ಮೆ ದೋಣಿಯಲ್ಲಿ, ಕೂರ್ಮಗಡದ ತನಕ,
ಅದೂ ದಾರಿಯುದ್ದಕ್ಕೂ ವಾಂತಿ ಮಾಡುತ್ತ.

ಬಶಿ ಮಾತ್ರ ಐದು.
ಆರನೆಯದು ಗುನಗಿಯವರ ಬೆಕ್ಕಿನ ಲೆಕ್ಕಕ್ಕೆ ಹೋಯಿತು.
ಹಾಗಾಗಿ ಆರು ಜನ ಕೂತಾಗ ಮನೆಯಾಕೆ
"ನಾನು ಚಹಾ ಬಿಟ್ಟೇ ಎರಡು ವರ್ಷ" ಎಂದು ಒಳಗೆ ಹೋಗಿ
ಒಲೆಯೆದುರು ನಿಂತು
ಸ್ಟೀಲ್ ಲೋಟದಲ್ಲಿ ಸೊರ್ರನೆ ಹೀರುವುದು ಪದ್ಧತಿ.

ಆ ಬುಧವಾರ ಮಗಳ ಮದುವೆಯ ಕಾಗದ ಹಂಚಲು
ಕಾಳಿ ಸೇತುವೆ ದಾಟಿ, ಸದಾಶಿವಗಡದಿಂದ
ಉಜ್ವಲಾಬಾಯಿ ಬಂದರು.
ರೇಷ್ಮೆ ಸೀರೆ, ಎತ್ತರದ ಚಪ್ಪಲಿ, ತುಟಿಗೆ ಕೆಂಪು.
ನಡೆದರೆ ಓಣಿಯ ನಾಯಿಯೂ ಎದ್ದು ದಾರಿ ಬಿಡಬೇಕು.
ನಾಲ್ಕೂ ಮನೆಗೆ ಒಂದೇ ಸಂಜೆ!

ಸುಲಭಾಳ ಮನೆಯಲ್ಲಿ ಎಲ್ಲ ಸಸೂತ್ರ.
ಅವರು ಮುಂದಿನ ಬಾಗಿಲಿನಿಂದ ಎರಡನೆಯ ಮನೆಗೆ,
ಕಪ್ಪುಗಳು ಹಿಂದಿನ ಬಾಗಿಲಿನಿಂದ ಎರಡನೆಯ ಮನೆಗೆ.
ಮೂರನೆಯದಕ್ಕೆ ಹೋಗುವಾಗ ಒರೆಸಲು ಹೊತ್ತಿಲ್ಲ.
ನನ್ನಲ್ಲಿಗೆ ಬರುವಷ್ಟರಲ್ಲಿ
ಪಾಪ, ಕಪ್ಪುಗಳಿಗೇ ಏದುಸಿರು.

ಕೊಟ್ಟೆ. ಅವರು ಎತ್ತಿದರು,
ತುಟಿಯ ಹತ್ತಿರ ಒಯ್ದು ನಿಲ್ಲಿಸಿದರು.
ಅಂಚಿನ ಮೇಲೆ ಕೆಂಪು ತುಟಿಯೊಂದು
ಅವರಿಗಿಂತ ಮೊದಲೇ ಬಂದು ಕೂತಿತ್ತು.

"ಜಪಾನಿನದು," ಎಂದೆ. ಬೇರೇನು ಹೇಳಲಿ?
"ಗೊತ್ತು," ಎಂದರು. "ಸಂಜೆಯಿಂದ ಮೂರು ಗಂಡಸರು
ಇದನ್ನು ತಂದಾಗಿದೆ, ನಿಮ್ಮವರು ನಾಲ್ಕನೆಯವರು.
ತುಟಿ ಮಾತ್ರ ನನ್ನದೇ."

ಹಿತ್ತಲ ಗೋಡೆಯಾಚೆ ಮೂವರೂ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು.
ಬಿಗಿಹಿಡಿದ ಉಸಿರು ಕೇಳಿಸುವುದಿಲ್ಲ, ನಿಜ.
ಆದರೂ ಕೇಳಿಸಿತು.

ಅವರು ಸೋಫಾದ ಮೇಲೆ ಕಾಲು ಮಡಚಿ ಕೂತರು.
ಹಿಮ್ಮಡಿಯಲ್ಲಿ ಒಡೆದ ಬೊಕ್ಕೆ.
"ಚಪ್ಪಲಿ ನಾದಿನಿಯದು, ಒಂದು ಅಳತೆ ಸಣ್ಣ.
ಸೀರೆ ಅಕ್ಕನದು, ಒಂದು ಹನಿ ಬಿದ್ದರೂ ಕೊಲ್ತಾಳೆ.
ಇನ್ನು ಚಹಾ ಬೇಡ ಮಾರಾಯ್ತಿ, ಹೊಟ್ಟೆ ಉರೀತಿದೆ.
ಒಳಗಿಂದ ಜುಮ್ಮನಕಾಯಿ ವಾಸನೆ ಬರ್ತಿದೆಯಲ್ಲ,
ಬಂಗಡೆಯೋ?"

ಬಂಗಡೆಯೇ. ಮಧ್ಯಾಹ್ನದ್ದು. ತಳ ಹಿಡಿದದ್ದು.
ಅಡುಗೆಮನೆಯ ನೆಲದ ಮೇಲೆ ಕೂತು
ಅಕ್ಕನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ
ಮುಳ್ಳು ಚೀಪುತ್ತ ಉಂಡರು.
ಹಿಂದಿನ ಬಾಗಿಲಲ್ಲಿ ಮೂರು ತಲೆ ಮೂಡಿದವು.
ಸುಲಭಾ ಮಾವಿನ ಉಪ್ಪಿನಕಾಯಿ ತಂದಳು,
ಸೊಟ್ಟ ಮುಚ್ಚಳದ ಸ್ವಂತ ಡಬ್ಬಿಯಲ್ಲಿ.

ಹೊರಡುವಾಗ ತುಟಿ ತಿದ್ದಿಕೊಂಡು, ದನಿ ತಗ್ಗಿಸಿ:
"ಹದಿನೆಂಟಕ್ಕೆ ಬೀಗರು ಬರ್ತಾರೆ, ಕುಮಟೆಯವರು,
ಭಾರೀ ನಾಜೂಕು. ಸೆಟ್ಟು ಒಂದು ದಿನದ ಮಟ್ಟಿಗೆ..."
"ಅಡ್ಡಿಲ್ಲ," ಎಂದೆವು ನಾಲ್ವರೂ.

ನಾನೇ ಒಯ್ದೆ, ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು.
ಬೀಗರು ಐವರು, ನಾನು ಆರನೆಯವಳು.
ಬೀಗಿತ್ತಿ ಬಶಿ ತಿರುಗಿಸಿ ತಳ ಓದಿದರು.
"ನಮ್ಮವರು ಜಪಾನಿನಿಂದ ತಂದದ್ದು," ಎಂದರು ಉಜ್ವಲಾಬಾಯಿ.
ಅವರವರು, ಪೋಸ್ಟಾಫೀಸಿನಲ್ಲಿ ಮುದ್ರೆ ಒತ್ತುವವರು,
ಕಿಟಕಿಯಾಚೆ ಕಾಳಿ ಹೊಳೆಯನ್ನೇ ನೋಡುತ್ತ
ಟೋಕಿಯೊ ನೆನಪಾದವರಂತೆ ತಲೆದೂಗಿದರು.

ಮದುಮಗಳು ತಟ್ಟೆ ಹಿಡಿದು ನನ್ನ ಮುಂದೆ ನಿಂತಳು.
"ನಾನು ಚಹಾ ಬಿಟ್ಟೇ ಎರಡು ವರ್ಷ," ಎಂದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ
ಸ್ಟೀಲ್ ಲೋಟಕ್ಕೆ ಚಮಚ ಬಡಿದ ಸದ್ದು,
ಎರಡು ಸಲ.
ಎದ್ದು ಹೋದೆ.