ಅಳಿಸು, ಉಳಿಸು

ಗ್ರಿಮ್ಸ್‌ಬಿ. ಮೀನು ಹರಾಜಿನ ಕಟ್ಟಡದ ಮೇಲ್ಮಹಡಿ.
ಹತ್ತು ಗಂಟೆ. ಕೆಳಗೆ ನೆಲ ತೊಳೆದಾಗಿದೆ,
ವಾಸನೆ ಮಾತ್ರ ಮೆಟ್ಟಿಲು ಹತ್ತಿ ಬಂದು
ನಮ್ಮ ಜೊತೆಗೇ ಕುರ್ಚಿ ಎಳೆದುಕೊಂಡು ಕೂತಿದೆ.

ಎದುರಿಗೆ ನಾರ್ಮನ್ ಬ್ಲೆಂಕಿನ್, ಎಪ್ಪತ್ತೆಂಟು,
ಉತ್ತರದ ಕಡಲಲ್ಲಿ ಬಲೆ ಎಳೆದವರು;
ಬಲಗೈ ಹೆಬ್ಬೆರಳ ತುದಿಯನ್ನು
ಒಂದು ಉಕ್ಕಿನ ಹಗ್ಗಕ್ಕೆ ಕೊಟ್ಟವರು.
ಮೇಜಿನ ಮೇಲೆ ಫೋನು, ಫೋನಿನೊಳಗೆ
ಉಬ್ಬರ ಇಳಿತದ ಹೊತ್ತು ಹೇಳುವ ಆ್ಯಪು,
ಆರು ತಿಂಗಳು ನಾನು ಗೀಚಿ, ಅಳೆದು, ಬಣ್ಣ ತುಂಬಿದ್ದು.

"ಪರೀಕ್ಷೆ ನಿಮಗಲ್ಲ, ಇದಕ್ಕೆ" ಎಂದೆ,
ಎಲ್ಲರಿಗೂ ಹೇಳುವ ಮಾತು.
ಅವರು ನಗಲಿಲ್ಲ.
"ಇದು ಫೇಲಾದರೆ ಏನು ಮಾಡ್ತೀಯ?"

ಮೊದಲು ಮೂಲೆಯ ಮೂರು ಅಡ್ಡಗೆರೆ.
ಮೆನು ಎನ್ನುತ್ತಾರೆ ಆಫೀಸಿನಲ್ಲಿ. ನನಗೆ ಮನಸ್ಸಿನಲ್ಲಿ
ಅದು ವಿಭೂತಿ; ಇಲ್ಲಿ ಯಾರಿಗೂ ಹೇಳಿದವಳಲ್ಲ.
ಅವರು ಕನ್ನಡಕ ಹಣೆಗೇರಿಸಿ ನೋಡಿದರು.
"ಏಣಿ. ಮೂರೇ ಮೆಟ್ಟಿಲು. ಹತ್ತಿ ಎಲ್ಲಿಗೆ ಹೋಗೋದು?"
ಬರೆದುಕೊಂಡೆ: ಏಣಿ.

ಆಮೇಲೆ ಗುಂಡಿ.
ನಮ್ಮ ಮಾತಿನಲ್ಲಿ ಗುಂಡಿ ಒತ್ತುವುದಕ್ಕೂ ಇದೆ,
ಬೀಳುವುದಕ್ಕೂ ಇದೆ.
ಒಂದನ್ನು ಒತ್ತಿದರೆ ಪಕ್ಕದ್ದು ಬಾಯಿ ತೆರೆಯಿತು,
ಮೂರು ಸಲ. ನಾಲ್ಕನೆಯ ಸಲ ಅವರು
ಫೋನನ್ನಲ್ಲ, ತಮ್ಮ ಹೆಬ್ಬೆರಳನ್ನು ಬೈದರು.
ನನ್ನ ಅಳತೆ ತಪ್ಪಿದ್ದಕ್ಕೆ
ಒಬ್ಬ ಮನುಷ್ಯ ತನ್ನ ಬೆರಳಿಗೆ ಬೈಯಬೇಕೆ?
ಇದನ್ನು ಬರೆದುಕೊಳ್ಳಲಿಲ್ಲ.

ಬಿಳಿಯ ಮೇಲೆ ಬೂದು ಅಕ್ಷರ: "ಮಂಜು."
ಸುತ್ತುತ್ತಲೇ ಇರುವ ಚಕ್ರ:
"ಇದು ಕೆಲಸ ಮಾಡ್ತಿದೆಯೋ, ಮಾಡೋ ಹಾಗೆ ನಟಿಸ್ತಿದೆಯೋ?"
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಕೊನೆಗೆ, ನಿಮಗೆ ಬೇಕಾದ ದೋಣಿಯ ಹೆಸರು ಸೇರಿಸಿ ಎಂದೆ.
ಒಂದೊಂದೇ ಅಕ್ಷರ ಹುಡುಕಿ, ಕುಕ್ಕಿ,
ಎಲೆನ್ ಮೇ ಎಂದು ಬರೆದರು.
ಕೆಳಗೇನಿದೆ ನೋಡಲು ಬೆರಳು ಜಾರಿಸಿದರು,
ಸ್ವಲ್ಪ ಓರೆಯಾಯಿತು,
ಎಲೆನ್ ಮೇ ಪಕ್ಕಕ್ಕೆ ಸರಿದು ಅಂಚು ದಾಟಿ ಹೋದಳು.
ತಳದಲ್ಲೊಂದು ಕಪ್ಪು ಪಟ್ಟಿ ಎದ್ದಿತು:
ಅಳಿಸಲಾಗಿದೆ. ವಾಪಸ್ ಬೇಕೆ?
ಅವರು ಕನ್ನಡಕ ಇಳಿಸಿ ಓದುವಷ್ಟರಲ್ಲಿ ಅದೂ ಮುಳುಗಿತ್ತು.

ಅಳಿಸು, ಉಳಿಸು. ನಡುವೆ ಒಂದೇ ಅಕ್ಷರ.
ಅಳಿಸು ಎಂದರೆ ಒರೆಸು; ಅಳುವಂತೆ ಮಾಡು ಎಂತಲೂ.
ಅವರೇನೂ ಅಳಲಿಲ್ಲ. ಕೇಳಿದರು:
"ಎಷ್ಟು ಹೊತ್ತು ಇರತ್ತೆ ಅದು?"
"ಐದು ಸೆಕೆಂಡು."
"ಐದು ಅಂತ ಯಾರು ಹೇಳಿದ್ದು?"
ಯಾರು? ನಾನೇ. ಒಂದು ಮಂಗಳವಾರ, ಊಟಕ್ಕೆ ಮುಂಚೆ.

ಆಗ ಹೇಳಿದರು: ಜನವರಿ, ನಡುರಾತ್ರಿ,
ಹಿಂಬದಿಯಿಂದ ಹುಡುಗನೊಬ್ಬ ನೀರಿಗೆ ಬಿದ್ದ,
ಪೀಟ್ ಹಾಲ್‌ಗಾರ್ತ್, ಹತ್ತೊಂಬತ್ತು.
"ಹಡಗು ತಕ್ಷಣ ತಿರುಗಲ್ಲ, ಗೊತ್ತಾ?
ಅಲ್ಲಿವರೆಗೆ ಒಬ್ಬ ಅವನ ಕಡೆ ಬೆರಳು ತೋರಿಸ್ತಾ ನಿಲ್ಲಬೇಕು.
ಹಗ್ಗ ಎಸೆಯೋ ಹಾಗಿಲ್ಲ, ಓಡೋ ಹಾಗಿಲ್ಲ, ಕಣ್ಣು ಕೀಳೋ ಹಾಗಿಲ್ಲ.
ಆ ಒಬ್ಬ ನಾನು."
ತೋರಿಸಿದರು ಕೂಡ: ತೋಳು ನೇರ,
ತೋರುಬೆರಳು ನನ್ನ ಹೆಗಲ ಮೇಲಿಂದ, ಕಿಟಕಿಯ ಆಚೆಗೆ.
ನಾನು ತಿರುಗಿ ನೋಡಿಬಿಟ್ಟೆ.

"ಸಿಕ್ಕಿದನಾ?"
"ಸಿಗದೆ? ಕ್ಲೀಥಾರ್ಪ್ಸ್‌ನಲ್ಲಿ ಚಿಪ್ಸ್ ಅಂಗಡಿ ಇಟ್ಟಿದ್ದಾನೆ.
ಉಪ್ಪು ಜಾಸ್ತಿ ಹಾಕ್ತಾನೆ, ಹೋಗಬೇಡ."

ಡಾಂಕಾಸ್ಟರಿಗೆ ವಾಪಸ್ ಹೋಗುವ ರೈಲಿನಲ್ಲಿ
ಗುಂಡಿಗಳನ್ನು ದೊಡ್ಡದು ಮಾಡಿದೆ, ದೂರ ದೂರ ಇಟ್ಟೆ,
ಬೂದನ್ನು ಕಪ್ಪು ಮಾಡಿದೆ.
ಮೂರು ಗೆರೆಯ ಪಕ್ಕ ಅದರ ಹೆಸರು ಬರೆದೆ, ವಿಭೂತಿ ಅಂತಲ್ಲ.
ಕಪ್ಪು ಪಟ್ಟಿ, ಎಷ್ಟು ಹೊತ್ತು? ಎಂಬಲ್ಲಿ
ಐದನ್ನು ಹೊಡೆದುಹಾಕಿ ಬರೆದೆ:
ಹಡಗು ತಿರುಗುವವರೆಗೆ.

ಸೋಮವಾರ ಗ್ಯಾರೆತ್ ಅದರ ಪಕ್ಕ
ಕೆಂಪಿನಲ್ಲಿ ಒಂದು ಪ್ರಶ್ನೆಯ ಚಿಹ್ನೆ ಹಾಕಿದ.
ಇನ್ನೂ ಇದೆ ಅದು.
ನಾನೂ ಕಣ್ಣು ಕಿತ್ತಿಲ್ಲ.