ಖಾಲಿ ತೂಕ

ಗಂಗಾವತಿ ಸಿಂಧನೂರು ರಸ್ತೆಯಾಗ
ಮಿಲ್ಲಿನ ಕಾಟಾ ನಡಸಾಕಿ ನಾನು.
ಭತ್ತ ತುಂಬಿದ ಲಾರಿ ಏರತೈತಿ, ಒಂದು ಚೀಟಿ.
ಇಳಿಸಿ ಬಂದು ಏರತೈತಿ, ಇನ್ನೊಂದು ಚೀಟಿ.
ಮೊದಲನೇದರಾಗ ಎರಡನೇದು ಕಳದರ
ಉಳದದ್ದು ರೊಕ್ಕ.
ಹದಿನಾರು ವರ್ಷ ಹಿಂಗ ಕಳದೀನಿ,
ಒಂದಿನಾನೂ ತಪ್ಪಿಲ್ಲ ಲೆಕ್ಕ.

ದವಾಖಾನಿ ತಕ್ಕಡಿ ಎಂಬತ್ತೊಂಬತ್ತು ಅಂತು.
ಚಪ್ಪಲಿ ಬಿಟ್ಟೆ. ಎಂಬತ್ತೊಂಬತ್ತು.
ಸೊಂಟದ ಕೀಲಿಕೈ ಗೊಂಚಲ ತಗದಿಟ್ಟೆ,
ಒಳಗಿನ ಉಸುರೂ ಬಿಟ್ಟೆ.
ಸಿಟ್ಟಾದ ಬೀಗತಿ ಹಂಗ
ಅದು ಅಲ್ಲೇ ಕುಂತಿತ್ತು.

ಡಾಕ್ಟರಮ್ಮ ಹರೇದ ಹುಡುಗಿ,
ತಲಿ ಎತ್ತದ ಬರದಳು:
ಅನ್ನ ಅರ್ಧ ಮಾಡ್ರಿ, ಕರದದ್ದು ಬಿಡ್ರಿ, ದಿನಾ ನಡೀರಿ.

ಅನ್ನ ಅರ್ಧ!
ಈ ಊರಾಗ?
ಗಾಳಿಗೂ ಇಲ್ಲಿ ಕುದಿಸಿದ ಭತ್ತದ ವಾಸನಿ,
ಒಣಾಕಿದ ಸೀರಿ ಮ್ಯಾಲ ಹೊಟ್ಟಿನ ಬೂದಿ,
ಉಂಡ್ರೇನು ಅಂದ್ರನ ಆರಾಮೇನು ಅಂದಂಗ.
ಅತ್ತಿ ಗಂಗಾಳ ನೋಡಿ ಗಾಬರಿಯಾದಳು:
ಸೊಸಿಗೆ ಉಣ್ಣಾಕ ಹಾಕಂಗಿಲ್ಲ ಅಂತಾರಲ್ಲೇ ಮಂದಿ!

ನಸುಕಿನ್ಯಾಗ ಜೈನಾಬಿ ಬರತಾಳ, ಹಿಟ್ಟಿನ ಗಿರಣಿಯಾಕಿ,
ಬುರ್ಖಾದ ತಳಗ ಮಗನ ಹಳೇ ಬೂಟು.
ಎಡದಂಡಿ ಕಾಲುವಿ ಗುಂಟ ಎರಡನೇ ಸೇತುವಿ ತನಕ
ಹೋಗಿ ಹೊಳ್ಳತೀವಿ.
ನಾಯಿಗಳು ಮೊದಲ ವಾರ ಬೊಗಳಿದವು,
ಆಮ್ಯಾಲ ಬ್ಯಾಸತ್ತು ಬಿಟ್ಟವು.
ಮೊಣಕಾಲು ಮಾತ್ರ ಇನ್ನೂ ಬೊಗಳತಾವು.
ಟ್ರ್ಯಾಕ್ಟರಿನ ಹುಡುಗ ಕೂಗಿದ:
ಅಕ್ಕಾರ, ಕೂಡ್ರತೀರೇನು?
ಜೈನಾಬಿ ಅಂದಳು:
ಬ್ಯಾಡಪ್ಪ, ನಿನ್ನ ಟೈರು ಕುಂತಾವು.
ನಕ್ಕೊಂತ ನಿಂತದ್ದಕ್ಕ ಆವತ್ತಿನ ನಡಿಗಿ ಅರ್ಧ ಆತು.

ಅನ್ನದ ಜಾಗದಾಗ ರೊಟ್ಟಿ ಬಂತು,
ಪುಂಡಿಪಲ್ಯ, ಮೊಳಕಿ ಹೆಸರು, ನೀರ ಮಜ್ಜಿಗಿ.
ಇದು ನಮ್ಮವ್ವನ ಊಟ.
ಅಕಿ ಕಾಲದಾಗ ಅನ್ನ ಹಬ್ಬಕ್ಕ ಬರತಿತ್ತು,
ನೆಂಟರಂಗ ಬಂದು ಹೋಗತಿತ್ತು.
ಕಾಲುವಿ ನೀರು ಬಂದ ಮ್ಯಾಲ
ಅನ್ನ ಬಂದದ್ದು ಹೋಗಲೇ ಇಲ್ಲ.

ಸಂಜಿ ನಾಕಕ್ಕ ಹಮಾಲರು
ಮಂಡಾಳ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬರತಾರ.
ಪೇಪರಿನ್ಯಾಗ ಎಣ್ಣಿ ಹರಡಿ
ಯಾರದೋ ಮದುವಿ ಫೋಟೋ ಮಿಂಚತೈತಿ.
ಒಂದ ತಿಂದೆ.
ಸುಳ್ಳು. ಮೂರು ತಿಂದೆ.

ಮೊದಲ ತಿಂಗಳು ಎರಡು ಕಿಲೋ ಹೋತು.
ಮುಂದಿನದರಾಗ ಒಂದು.
ಆಮ್ಯಾಲ ಎಷ್ಟು ನಡದರೂ ಏನೂ ಇಲ್ಲ,
ಕಟ್ಟಿಗಿ ಕಡದಂಗ ನಡದರೂ ಇಲ್ಲ.
ನಾದಿನಿ ಮದುವಿಯಾಗ ಒಂದು ತಿರುಗಿ ಬಂತು,
ಕರೀದ ಬಂತು.
ಜೈನಾಬಿಗೆ ಐದು ಇಳದಿತ್ತು.
ಆ ವಾರ ಅಕಿ ಜೋಡಿ ಮಾತು ಕಡಿಮಿ ಆಡಿದೆ.

ನನ್ನ ಕಾಟಾಕ್ಕ ಹತ್ತು ಕಿಲೋ ಅಂದ್ರ ಒಂದು ಹೆಜ್ಜಿ,
ಅದರ ಕೆಳಗಿಂದೆಲ್ಲ ಅದಕ್ಕ ಧೂಳು.
ರಾತ್ರಿ ಕಡೀ ಲಾರಿ ಹೋದ ಮ್ಯಾಲ
ಕಬ್ಬಿಣದ ಹಾಸಿನ ಮ್ಯಾಲ ಒಬ್ಬಾಕಿನ ನಿಲ್ಲತಿದ್ದೆ,
ಇಪ್ಪತ್ತು ಚಕ್ರ ನಿಲ್ಲೂ ಜಾಗದಾಗ ಎರಡು ಪಾದ.
ತೊಂಬತ್ತು, ಅಂತಿತ್ತು ಕೆಂಪು ಅಂಕಿ.
ತಿಂಗಳಾನುಗಟ್ಟಲೆ ತೊಂಬತ್ತು.

ಎಂಟನೇ ತಿಂಗಳು, ದವಾಖಾನ್ಯಾಗ ಎಂಬತ್ನಾಲ್ಕು ಅಂದ ದಿನ,
ಕಾಟಾ ಏರಿದೆ. ಎಂಬತ್ತು ಅಂತು.
ಐದು ಇಳದಾಕಿಗೆ ಹತ್ತು ಬಿಟ್ಟುಕೊಟ್ಟಿತ್ತು,
ಇಷ್ಟು ವರ್ಷದ ಗೆಳತನಕ್ಕ.

ಒಳಗ ಕಂಪ್ಯೂಟರಿನ ಮುಂದ ಹಮಾಲ ದುರುಗಪ್ಪ ಕುಂತಿದ್ದ.
ಚೀಟಿ ಹೊಡಿಯೋ ಅಂದೆ.
ಕಿಡಕಿಯಿಂದ ಕೇಳಿದ: ಗಾಡಿ ನಂಬರು?
ಹುಲಿಗೆಮ್ಮ ಅಂತ ಹಾಕು.
ತುಂಬಿದ್ದೋ, ಖಾಲಿನೋ?
ಖಾಲಿ.
ಸರಕು ಏನಂತ ಬರೀಲಿ?

ಏನು ಹೇಳಬೇಕು ಹೊಳೀಲಿಲ್ಲ.
ಗೇಟಿನ್ಯಾಗ ಹಾರ್ನು ಒದರಿತು,
ಸಿರುಗುಪ್ಪದ ಗಾಡಿ, ತಡಾಗಿ ಬಂದದ್ದು,
ಲೈಟು ನೇರ ನನ್ನ ಮಾರಿಗೆ.

ಇಳದೆ.