ಹದಿನೈದು ವಾಟು

ಉಲಾನ್‌ಬಾತರಿನ ಬಡಗಣ ಗುಡ್ಡದಲ್ಲಿ
ಮೀಟರು ಓದುವುದು ನನ್ನ ಕೆಲಸ.
ಗೆರ್ ಗುಡಾರಗಳ ಕೇರಿ, ಹಲಗೆಬೇಲಿಯ ಓಣಿ,
ಕಂಬಕ್ಕೊಂದು ತಗಡಿನ ಪೆಟ್ಟಿಗೆ,
ಪೆಟ್ಟಿಗೆಗೆ ನಾಲ್ಕು ಮನೆಯ ಗುಟ್ಟು.
ಯಾರು ಹೊಸ ಟೀವಿ ತಂದರು,
ಯಾರ ನೆಂಟರು ಬಂದವರು ಇನ್ನೂ ಹೊರಟಿಲ್ಲ,
ನನಗೆ ಗೊತ್ತು. ನಾನು ಬಾಯಿ ಬಿಡುವುದಿಲ್ಲ,
ಬಿಲ್ಲು ಬಿಡುತ್ತದೆ.

ನವೆಂಬರು ಹೊಕ್ಕಿತೆಂದರೆ
ಓಣಿಯ ಅಂಕಿಯೆಲ್ಲ ಒಂದು ಮೆಟ್ಟಿಲು ಇಳಿಯುತ್ತದೆ.
ಫ್ರಿಜ್ಜಿನ ವೈರು ಕಿತ್ತು ಸುತ್ತಿಟ್ಟಿರುತ್ತಾರೆ.
ಅಂಗಳವೇ ಫ್ರಿಜ್ಜಾದ ಮೇಲೆ ಅದಕ್ಯಾಕೆ ದುಡ್ಡು?
ಕುರಿಯ ತೊಡೆ ಬೇಲಿಗೆ ನೇತಾಡುತ್ತದೆ,
ಬೇಕಾದಷ್ಟು ಕೊಡಲಿಯಲ್ಲಿ ಕಡಿದು ತರುವುದು.
ಹಾಲು ಬಟ್ಟಲಿನ ಅಚ್ಚಿನಲ್ಲೇ ಕಲ್ಲಾಗಿರುತ್ತದೆ,
ಒಂದರ ಮೇಲೊಂದು ಪೇರಿಸುವುದು.
ಮೈನಸ್ ಮೂವತ್ತೊಂದು.
ಬಿಟ್ಟಿ.

ಏಳನೇ ಕಂಬದ ದುಲ್ಮಾಳ ಅಂಕಿ ಮಾತ್ರ
ಇಳಿಯಬೇಕಾದಷ್ಟು ಇಳಿಯಲಿಲ್ಲ.
ತಿಂಗಳಿಗೆ ಹತ್ತು ಯೂನಿಟ್ಟು, ಹನ್ನೊಂದು,
ಲೆಕ್ಕಕ್ಕೆ ಸಿಗದೆ ಸೋರುತ್ತಿತ್ತು.
"ಪಕ್ಕದವರು ತಂತಿ ಎಳೆದಿರಬೇಕು, ಹೋಗಿ ನೋಡು"
ಅಂದ ಹೀಟರಿನ ಪಕ್ಕ ಕೂತಿದ್ದ ಸಾಹೇಬ.

"ನಾಯಿ ಹಿಡಿಯಿರಿ!" ಅಂತ ಕೂಗಿದೆ.
ಇಲ್ಲಿ ಬಾಗಿಲು ತಟ್ಟುವ ಬದಲು ಹೀಗೇ ಕೂಗುವುದು,
ನಾಯಿ ಇರಲಿ, ಇಲ್ಲದಿರಲಿ.
ದುಲ್ಮಾ ಹೊರಬಂದಳು, ಮೊಣಕೈವರೆಗೆ ಹಿಟ್ಟು.
ತಂತಿಯೂ ಇಲ್ಲ ಕಳ್ಳನೂ ಇಲ್ಲ.
ಗೆರ್‌ಗೆ ಅಂಟಿಸಿದ ಹಲಗೆ ಪಡಸಾಲೆಯಲ್ಲಿ
ಸೊಂಟದೆತ್ತರದ ಹಳೇ ಫ್ರಿಜ್ಜು,
ಮೈಗೆಲ್ಲ ಕಂಬಳಿ ಹೊದೆಸಿ, ಹಗ್ಗ ಬಿಗಿದು,
ಜ್ವರ ಬಂದವರ ಹಾಗೆ ಕೂತಿತ್ತು.

"ಓಡ್ತಾ ಇದೆಯಾ?"
"ಎಲ್ಲಿ ಓಡುತ್ತೆ? ತಂಪು ಮಾಡೋಕೆ
ಇಲ್ಲಿ ಬೆಚ್ಚಗಿರೋದು ಏನಿದೆ?"
ಬಾಗಿಲು ತೆಗೆದಳು.

ಒಳಗೆ ದೀಪ ಉರಿಯುತ್ತಿತ್ತು.
ಬಾಗಿಲು ಹಾಕಿದರೂ ಆರದಂತೆ
ಗುಂಡಿಗೆ ಟೇಪು ಸುತ್ತಿದ್ದಾಳೆ.
ಹದಿನೈದು ವಾಟು. ಅಷ್ಟೇ ಒಲೆ.
ಅದರ ಸುತ್ತ ಆಲೂಗಡ್ಡೆ, ಆರು ಮೊಟ್ಟೆ,
ಮಗ ತೆಮುಲೆನ್‌ನ ಬಣ್ಣದ ಬಾಟಲಿಗಳು,
ಮೇಲಿನ ತಟ್ಟಿನಲ್ಲಿ, ಉಣ್ಣೆಯ ಕಾಲುಚೀಲದೊಳಗೆ
ಒಂದು ಗಾಜಿನ ಲೋಟ.
"ಹೆಪ್ಪು" ಅಂದಳು.

ಬಸ್ ನಿಲ್ದಾಣದಲ್ಲಿ ಮೊಸರು ಮಾರುವವಳು.
ಗೆರ್‌ನೊಳಗೆ ಹಗಲು ಒಲೆ ಕೆಂಪಗಾದರೆ ಹೆಪ್ಪು ಹುಳಿ ಮೀರುತ್ತದೆ,
ನಡುರಾತ್ರಿ ಕಲ್ಲಿದ್ದಲು ಬೂದಿಯಾದರೆ
ಬಕೆಟ್ಟಿನ ನೀರೂ ಹಲಗೆ.
ಹೆಪ್ಪು ಹೆಪ್ಪುಗಟ್ಟಬಾರದು, ನೋಡು.
"ಸತ್ತರೆ ಬೇರೆ ತರಬಹುದಲ್ಲ?"
"ಅತ್ತೆ ಕೊಟ್ಟದ್ದು. ಅವಳ ಹತ್ತಿರ
ಮಾತು ಬಿಟ್ಟು ಆರು ವರ್ಷ."

ನಿಂತಲ್ಲೇ ಲೆಕ್ಕ ಹಾಕಿದೆ.
ಹದಿನೈದನ್ನು ಇಪ್ಪತ್ನಾಲ್ಕರಿಂದ ಗುಣಿಸು,
ದಿನಕ್ಕೆ ಯೂನಿಟ್ಟಿನ ಮೂರನೇ ಒಂದು ಪಾಲು, ಮೇಲೆ ಚೂರು.
ತಿಂಗಳಿಗೆ ಹೆಚ್ಚುಕಮ್ಮಿ ಒಂದು ಬ್ರೆಡ್ಡಿನ ಬೆಲೆ.
ಬೇಸಿಗೆಯಲ್ಲಿ ಇದೇ ಪೆಟ್ಟಿಗೆ ಗುರುಗುಟ್ಟಿಕೊಂಡು
ಎರಡು ಬ್ರೆಡ್ಡು ತಿನ್ನುತ್ತದೆ.
ತಂಪಿಗಿಂತ ಬೆಚ್ಚಗೆ ಅಗ್ಗವಾದದ್ದನ್ನು
ಹನ್ನೊಂದು ಚಳಿಗಾಲ ಮೀಟರು ಓದಿದ ನಾನು
ಇದೇ ಮೊದಲು ಕಂಡದ್ದು.

ಬರೆದುಕೊಳ್ಳಲು ಹೋದರೆ ಪೆನ್ನು ಬರೆಯದು.
ಶಾಯಿ ಕಟ್ಟಿಹೋಗಿದೆ. ಉಸಿರೂದಿದೆ, ಉಜ್ಜಿದೆ,
ಕಾಗದ ಹರಿಯಿತು.
ದುಲ್ಮಾ ಪೆನ್ನು ಕಿತ್ತುಕೊಂಡು
ಮೊಟ್ಟೆಗಳ ಪಕ್ಕ ಮಲಗಿಸಿ ಬಾಗಿಲು ಹಾಕಿದಳು.

ಉಪ್ಪು ಹಾಕಿದ ಚಹಾ ಎರಡು ಬಟ್ಟಲು ಕುಡಿದೆವು.
ಯೂನಿಟ್ಟಿನ ದರ ಏರಿಸಿದ್ದಕ್ಕೆ
ನಾನೇ ಏರಿಸಿದೆನೇನೋ ಎಂಬಂತೆ ಬೈದಳು.
ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಪೆನ್ನು ಹೊರಗೆ ಬಂದಾಗ ತುಸು ಮೊಸರಿನ ವಾಸನೆ.
ಸಾಹೇಬನ ಫಾರಮ್ಮಿನಲ್ಲಿ "ಸೋರಿಕೆಗೆ ಕಾರಣ" ಎಂಬ ಕಡೆ
ನೀಲಿಯಾಗಿ, ದಪ್ಪಗೆ ಮೂಡಿತು:
ಅತ್ತೆ.
ಹೊಡೆದು ಹಾಕಿ, ದೀಪ ಎಂದು ಬರೆದೆ.
ಬೇಲಿ ದಾಟುವ ಹೊತ್ತಿಗೆ
ಪೆನ್ನು ಮತ್ತೆ ಕಟ್ಟಿತ್ತು.